ನಿಮ್ಮ ಪಾಸ್‌ವರ್ಡ್ ಅವರಿಗೆ ಹೇಗೆ ಗೊತ್ತು?

ಅಕ್ಕನ ಮಗಳು ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದಾಳೆ. ಮೊನ್ನೆ ಅವಳಿಗೆ ಕೋಚಿಂಗ್‌ನವರ ಆ್ಯಪ್‌ನ ಪಾಸ್‌ವರ್ಡ್ ಮರೆತುಹೋಯಿತು. ಆಫೀಸಿಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ. "ಬರಕೋರಿ, ಹೇಳ್ತೀನಿ" ಅಂತ ಅಲ್ಲಿಯ ಹುಡುಗ ಒಂದೊಂದೇ ಅಕ್ಷರ ಓದಿ ಹೇಳಿದ. ಅವಳು ಖುಷಿಯಿಂದ ಬರೆದುಕೊಂಡಳು. ನನ್ನ ಎದೆ ಧಸಕ್ಕೆಂದಿತು. ಅವಳ ಮೇಲ್‌ಗೂ ಅದೇ ಪಾಸ್‌ವರ್ಡ್!

ಫೋನ್ ಇಸಿದುಕೊಂಡು ಕೇಳಿದೆ. "ಚಿಂತಿ ಮಾಡಬ್ಯಾಡ್ರಿ ಸರ್, ಎಲ್ಲಾ ಎನ್‌ಕ್ರಿಪ್ಟ್ ಮಾಡೇವಿ" ಅಂದ.

ತಪ್ಪು ಇರುವುದೇ ಅಲ್ಲಿ. ಎನ್‌ಕ್ರಿಪ್ಷನ್ ಅಂದರೆ ಬೀಗ. ಕೀಲಿ ಇದ್ದವರು ತೆಗೆಯಬಹುದು. ವಾಟ್ಸಾಪ್ ಮೆಸೇಜಿಗೆ, ಬ್ಯಾಂಕಿನ ಲೆಕ್ಕಕ್ಕೆ ಅದು ಬೇಕು, ಅವನ್ನು ಮತ್ತೆ ಓದಬೇಕಲ್ವಾ. ಪಾಸ್‌ವರ್ಡನ್ನು ಆಫೀಸಿನವರು ಓದುವ ಅಗತ್ಯವೇ ಇಲ್ಲ. ತಾಳೆ ನೋಡಿದರೆ ಸಾಕು.

ಅದಕ್ಕೇ ಇರುವುದು ಹ್ಯಾಶಿಂಗ್. ಗಿರಣಿಗೆ ಹಾಕಿದ ಜೋಳ ಹಿಟ್ಟಾಗಿ ಬರುತ್ತದೆ, ಹಿಟ್ಟು ಮತ್ತೆ ಜೋಳ ಆಗುವುದಿಲ್ಲ. ಇಲ್ಲಿ ಕೀಲಿ ಅನ್ನುವುದೇ ಇಲ್ಲ. ಶಾ-256 ಅನ್ನುವುದು ಇಂಥದೊಂದು ಗಿರಣಿ. ಅದಕ್ಕೆ ಒಂದಕ್ಷರ ಕೊಡಿ, ಇಡೀ ಪುಸ್ತಕ ಕೊಡಿ, ಹೊರಬರುವುದು 64 ಅಕ್ಷರ. ಒಳಗೆ ಒಂದು ಚುಕ್ಕೆ ಬದಲಾದರೂ ಆ 64ರ ಚಹರೆಯೇ ಬೇರೆ. ಲಾಗಿನ್ ಆಗುವಾಗ ನೀವು ಬರೆದದ್ದನ್ನು ಮತ್ತೆ ಬೀಸಿ, ಹಳೆ ಹಿಟ್ಟಿಗೆ ಹೋಲಿಸುತ್ತಾರೆ.

ಇಬ್ಬರದು ಒಂದೇ ಪಾಸ್‌ವರ್ಡ್ ಆದರೆ ಹಿಟ್ಟೂ ಒಂದೇ, ಒಬ್ಬರದು ಗೊತ್ತಾದರೆ ಇಬ್ಬರದೂ ಗೊತ್ತಾದಂತೆ. ಹಾಗಾಗಿ ಬೀಸುವ ಮೊದಲು ಒಬ್ಬೊಬ್ಬರದಕ್ಕೆ ಬೇರೆ ಬೇರೆ ಉಪ್ಪು ಬೆರೆಸುತ್ತಾರೆ. ಅದರ ಹೆಸರೂ ಸಾಲ್ಟ್ ಅಂತಲೇ. ಇನ್ನೊಂದು ಮಾತು, ಗಿರಣಿ ನಿಧಾನ ಇರಬೇಕು. ಶಾ-256 ತೀರಾ ಜೋರು. ಹಿಟ್ಟು ಕದ್ದವನು ಸೆಕೆಂಡಿಗೆ ಕೋಟಿಗಟ್ಟಲೆ ಪಾಸ್‌ವರ್ಡ್ ಊಹಿಸಿ, ಬೀಸಿ ನೋಡಬಹುದು. 1999ರ ಬಿಕ್ರಿಪ್ಟ್, ಆಮೇಲೆ ಬಂದ ಆರ್ಗಾನ್2 ಅನ್ನುವ ಗಿರಣಿಗಳು ಬೇಕಂತಲೇ ನಿಧಾನ.

2013ರಲ್ಲಿ ಅಡೋಬಿ ಅನ್ನುವ ಸಾಫ್ಟ್‌ವೇರ್ ಕಂಪನಿಯಿಂದ ಕೋಟ್ಯಂತರ ಖಾತೆಗಳ ಮಾಹಿತಿ ಕಳುವಾಯಿತು. ಅಲ್ಲೂ ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿದ್ದವು. ಆದರೆ ಒಂದೇ ಪಾಸ್‌ವರ್ಡ್ ಇಟ್ಟವರದ್ದೆಲ್ಲ ಒಂದೇ ಥರ ಕಾಣುತ್ತಿತ್ತು. ಪಕ್ಕದಲ್ಲೇ, ಬಳಕೆದಾರರು ನೆನಪಿಗೆ ಬರೆದಿಟ್ಟ ಸುಳಿವು ಬಿಚ್ಚಿಟ್ಟಂತಿತ್ತು. ಕೀಲಿ ಇಲ್ಲದೆಯೇ ಜನ ಎಷ್ಟೋ ಪಾಸ್‌ವರ್ಡ್ ಊಹಿಸಿಬಿಟ್ಟರು.

ನಮ್ಮ ಹುಡುಗರು ಹಾವೇರಿ, ಗದಗ, ಎಲ್ಲೆಲ್ಲಿಂದಲೋ ಬಂದು ಇಂಥ ಆಫೀಸುಗಳಲ್ಲಿ ಆಧಾರ್, ಫೋಟೋ, ಫೋನ್ ನಂಬರ್ ಎಲ್ಲ ಕೊಟ್ಟಿರುತ್ತಾರೆ. ನಂಬಿ ಕೊಟ್ಟದ್ದು ಅದು. ಸುಮ್ನೆ "ಎನ್‌ಕ್ರಿಪ್ಟ್ ಮಾಡೇವಿ" ಅಂದರೆ ನಾನು ಒಪ್ಪಲ್ಲ.

ಅವತ್ತು ರಾತ್ರಿಯೇ ಅವಳ ಮೇಲ್ ಪಾಸ್‌ವರ್ಡ್ ಬದಲಿಸಿದೆವು. ಕೋಚಿಂಗ್‌ನವರಿಗೂ ಬರೆದಿದ್ದೇನೆ: ಮರೆತವರಿಗೆ ಹೊಸದು ಮಾಡಿಕೊಳ್ಳುವ ಲಿಂಕ್ ಕಳಿಸಿ, ಹಳೆಯದನ್ನು ಓದಲು ಬರುವ ಹಾಗೆ ಇಡಲೇಬೇಡಿ ಅಂತ. ಉತ್ತರ ಇನ್ನೂ ಬಂದಿಲ್ಲ. ಸೋಮವಾರ ಖುದ್ದು ಹೋಗಿ ಕೇಳುತ್ತೇನೆ.