ಫ್ರೀಜರಿಗೆ ಹೋದ ಕೋಳಿ

ಹತ್ತೇ ನಿಮಿಷದಲ್ಲಿ ರಾತ್ರಿ ಊಟ ರೆಡಿ ಎಂದು ಯಾರಾದರೂ ಹೇಳಿದರೆ ನಾನು ಕೇಳುವುದು ಒಂದೇ ಪ್ರಶ್ನೆ. ಭಾನುವಾರ ಎಷ್ಟು ಹೊತ್ತು ನಿಂತಿದ್ರಿ? ಬೇಯಿಸಿ ಫ್ರೀಜರಿನಲ್ಲಿಟ್ಟ ಕೋಳಿಯ ಗುಣಗಾನ ಮಾಡುವವರು ಆ ಭಾನುವಾರದ ಮಾತನ್ನು ಮಾತ್ರ ಎತ್ತುವುದಿಲ್ಲ. ಎರಡು ಕಿಲೋ ಕೋಳಿ ಬೇಯಬೇಕು, ಆರಬೇಕು, ಮೂಳೆ ತೆಗೆಯಬೇಕು, ಎಳೆ ಎಳೆಯಾಗಿ ಬಿಡಿಸಬೇಕು.

ಬಿಡಿಸಲು ಕೂತರೆ ಸಾಕು, ಮನೆಮಂದಿಗೆಲ್ಲ ನನ್ನ ಮೇಲೆ ಪ್ರೀತಿ ಉಕ್ಕುತ್ತದೆ. ‘ಅಮ್ಮಾ, ಉಪ್ಪು ಸರಿ ಇದೆಯಾ ನೋಡ್ಲಾ?’ ಎಂದು ಮಗಳು ಬರುತ್ತಾಳೆ. ಉಪ್ಪು ನೋಡಲು ಒಂದು ಚೂರು ಸಾಕಲ್ವಾ? ಇವಳಿಗೆ ತಟ್ಟೆಯ ಎಲ್ಲ ಮೂಲೆಯ ಉಪ್ಪೂ ನೋಡಬೇಕು. ಯಜಮಾನರು ನೀರು ಕುಡಿಯಲು ಬರುತ್ತಾರೆ. ಮತ್ತೆ ಬರುತ್ತಾರೆ. ಈ ಮನುಷ್ಯರಿಗೆ ಬೇರೆ ದಿನ ಇಷ್ಟು ಬಾಯಾರಿದ್ದನ್ನು ನಾನು ಕಂಡಿಲ್ಲ.

ಹೀಗೆ ಕೈಯಾಡಿ, ಬಾಯಾಡಿ ಉಳಿದದ್ದು ಫ್ರೀಜರಿಗೆ. ಬೆಂದ ಕೋಳಿಯನ್ನು 2 ಗಂಟೆಗಿಂತ ಜಾಸ್ತಿ ಹೊರಗೆ ಬಿಡಬಾರದು. ಹಾಗಂತ ಬಿಸಿಬಿಸಿಯಾಗಿ ದೊಡ್ಡ ಡಬ್ಬಿಗೆ ತುಂಬಿ ಒಳಗಿಟ್ಟರೂ ಆಗುವುದಿಲ್ಲ. ನಡುಭಾಗ ತುಂಬಾ ಹೊತ್ತು ಬೆಚ್ಚಗೇ ಇರುತ್ತದೆ, ಬ್ಯಾಕ್ಟೀರಿಯಾಗಳಿಗೆ ಅಷ್ಟೇ ಬೇಕಾಗಿರುವುದು. ಅಗಲ ತಟ್ಟೆಯಲ್ಲಿ ಹರಡಿ ಆರಿಸಬೇಕು. ಒಂದು ಹೊತ್ತಿಗಾಗುವಷ್ಟನ್ನು ಒಂದೊಂದು ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಚಪ್ಪಟೆ ಮಾಡಿ ಮಲಗಿಸಬೇಕು. ಚಪ್ಪಟೆ ಇದ್ದರೆ ಬೇಗ ಗಟ್ಟಿಯಾಗುತ್ತದೆ, ಬೇಕಾದಾಗ ಬೇಗ ಕರಗುತ್ತದೆ. ಗಾಳಿ ಉಳಿದರೆ ಮಾಂಸದ ನೀರೆಲ್ಲ ಆರಿ ಅಲ್ಲಲ್ಲಿ ಬಿಳಿಚಿಕೊಳ್ಳುತ್ತದೆ. ತಿಂದರೆ ಏನೂ ಆಗುವುದಿಲ್ಲ, ರಟ್ಟು ಅಗಿದ ಹಾಗಿರುತ್ತದೆ ಅಷ್ಟೆ. ಎದೆ ಭಾಗಕ್ಕೆ ಈ ಕಾಟ ಜಾಸ್ತಿ. ತೊಡೆಗೆ ಕೊಬ್ಬಿನ ಆಸರೆ ಇದೆ, ಹೇಗೋ ಬಚಾವಾಗುತ್ತದೆ. ಕೋಳಿ ಬೆಂದ ನೀರನ್ನೇ ಒಂದೆರಡು ಸೌಟು ಚೀಲಕ್ಕೆ ಸುರಿದಿಟ್ಟರೆ ಎದೆಯೂ ಮೆತ್ತಗೆ ಉಳಿಯುತ್ತದೆ.

ಇದನ್ನೆಲ್ಲ ಹೇಳಿಕೊಟ್ಟ ಮೇಲೂ, ‘ನೀನು ಕೂತ್ಕೋ, ಇವತ್ತು ತುಂಬೋದು ನನ್ನ ಕೆಲಸ’ ಎಂದರು ಯಜಮಾನರು. ನಾನು ಕೂತೆ. ಅವರು ಎರಡು ಕಿಲೋವನ್ನೂ ಒಂದೇ ಚೀಲಕ್ಕೆ ತುಂಬಿ, ಮೇಲೆ ಧಾರಾಳವಾಗಿ ನೀರು ಸುರಿದು ಫ್ರೀಜರಿನಲ್ಲಿಟ್ಟರು.

ಬುಧವಾರ ಎಲ್ಲರೂ ತಡವಾಗಿ ಮನೆಗೆ ಬಂದೆವು. ‘ಯೋಚನೆ ಯಾಕೆ, ಕೋಳಿ ಇದೆಯಲ್ಲ’ ಎಂದು ಯಜಮಾನರು ಹುಮ್ಮಸ್ಸಿನಿಂದ ಚೀಲ ಹೊರತೆಗೆದರು. ಕಟ್ಟೆಯ ಮೇಲಿಟ್ಟಾಗ ಠಣ್ ಎಂದಿತು. ಚಾಕು ಹಾಕಿದರು, ಚಾಕುವಿನ ತುದಿ ಬಾಗಿತು. ಚಪಾತಿ ಲಟ್ಟಣಿಗೆಯಿಂದ ಕುಟ್ಟಿದರು. ಗಡ್ಡೆ ಜಾರಿ ನೆಲಕ್ಕೆ ಬಿದ್ದು, ಫ್ರಿಜ್ಜಿನ ಅಡಿಗೆ ಹೋಗಿ ಕೂತಿತು. ಇಬ್ಬರೂ ಮಂಡಿಯೂರಿ ಪೊರಕೆಯಿಂದ ಅದನ್ನು ಈಚೆಗೆ ಎಳೆಯುತ್ತಿದ್ದರೆ, ಮಗಳು ಫೋನ್ ನೋಡುತ್ತಾ ಓದಿದಳು: ‘ತಣ್ಣೀರಲ್ಲಿ ಮುಳುಗಿಸಿ, 30 ನಿಮಿಷಕ್ಕೊಮ್ಮೆ ನೀರು ಬದಲಿಸಬೇಕಂತೆ.’ ಆಮೇಲೆ ತಾನೇ ಸೇರಿಸಿದಳು: ‘ಇಷ್ಟು ದೊಡ್ಡದಾದರೆ ಮಧ್ಯರಾತ್ರಿ ಆಗುತ್ತೆ. ಹೇರ್ ಡ್ರೈಯರ್ ತರ್ಲಾ?’

ಹೇರ್ ಡ್ರೈಯರ್ ಬೇಡವೆಂದು ಮೈಕ್ರೋವೇವಿಗೆ ಇಟ್ಟರು. ಹೊರಗಿನ ಪದರ ಚಟಪಟ ಸಿಡಿಯಿತು, ಒಳಗೆ ಮಂಜುಗಡ್ಡೆ ಹಾಗೇ ಇತ್ತು. ಮೈಕ್ರೋವೇವಿನಲ್ಲಿ ಕರಗಿಸಿದ್ದನ್ನು ಕೂಡಲೇ ಪೂರ್ತಿ ಬಿಸಿ ಮಾಡಬೇಕು, ಅರ್ಧ ಬೆಚ್ಚಗಾಗಿಸಿ ನಾಳೆಗೆ ಎಂದು ಎತ್ತಿಡುವಂತಿಲ್ಲ. ಕೊನೆಗೆ ಗಡ್ಡೆಯನ್ನು ದೊಡ್ಡ ಪಾತ್ರೆಗೆ ಹಾಕಿ, ಮುಚ್ಚಿ ಒಲೆಗಿಟ್ಟೆ. ಅದು ಮನಸ್ಸು ಮಾಡಿ ಕರಗುವಷ್ಟರಲ್ಲಿ ನಾವೆಲ್ಲ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ತಿಂದು ಮುಗಿಸಿದ್ದೆವು. ಕುದಿದು ಹಬೆಯಾಡುವ ಎರಡು ಕಿಲೋ ಕೋಳಿ ಪಾತ್ರೆಯಲ್ಲಿ, ಹಸಿವಿಲ್ಲದ ಮೂರು ಜನ ಸುತ್ತಲೂ.

ಬಿಸಿ ಮಾಡಿದ ಕೋಳಿ ಫ್ರಿಜ್ಜಿನಲ್ಲಿ 3-4 ದಿನ ತಾಳುತ್ತದೆ. ಗುರುವಾರ ಸೂಪ್. ಶುಕ್ರವಾರ ಫ್ರೈಡ್ ರೈಸ್. ಶನಿವಾರ ನೂಡಲ್ಸಿಗೆ ಹಾಕಿದೆ. ನಿಜ ಹೇಳಬೇಕೆಂದರೆ ಈ ಮೂರೂ ಹತ್ತು ನಿಮಿಷದಲ್ಲೇ ಆದವು, ರುಚಿಯಾಗಿಯೂ ಇದ್ದವು. ಯಜಮಾನರು ತಟ್ಟೆ ನೆಕ್ಕಿ, ‘ನೋಡಿದ್ಯಾ, ನಾನು ಒಟ್ಟಿಗೇ ತುಂಬಿದ್ದಕ್ಕೆ ಎಷ್ಟು ಅನುಕೂಲ ಆಯ್ತು!’ ಎಂದರು. ಸೌಟು ನನ್ನ ಕೈಯಲ್ಲೇ ಇತ್ತು. ತಡೆದುಕೊಂಡೆ.

ಈಗ ಅವರಿಗೆ ತುಂಬುವ ಕೆಲಸದಿಂದ ಬಡ್ತಿ ಕೊಟ್ಟು ಚೀಟಿ ಅಂಟಿಸುವ ಖಾತೆ ವಹಿಸಿದ್ದೇನೆ. ಚೀಟಿ ಮುಖ್ಯ. ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಕೋಳಿ ಕೆಡುವುದಿಲ್ಲ, ಆದರೆ ತಿಂಗಳುಗಳು ಕಳೆದ ಹಾಗೆ ರುಚಿ ಇಳಿಯುತ್ತಾ ಹೋಗುತ್ತದೆ. ಚೀಟಿ ಇಲ್ಲದಿದ್ದರೆ ಬೇರೆ ಫಜೀತಿಯೂ ಇದೆ. ಹಿಂದೊಮ್ಮೆ ಮಗಳು ಐಸ್‌ಕ್ರೀಮ್ ಡಬ್ಬಿ ಹಿಡಿದು, ಗೆಳತಿಯರಿಗೆಲ್ಲ ಚಮಚ ಹಂಚಿ, ಆಮೇಲೆ ಮುಚ್ಚಳ ತೆಗೆದಿದ್ದಳು. ಒಳಗೆ ಕಾಳುಮೆಣಸು ಹಾಕಿದ ಕೋಳಿ.

ಯಜಮಾನರು ಕೆಲಸವನ್ನು ಗಂಭೀರವಾಗಿಯೇ ತೆಗೆದುಕೊಂಡರು. ಹೊಸ ಮಾರ್ಕರ್ ತಂದರು, ನೀರಿಗೆ ಅಳಿಸದ್ದು. ಮೊನ್ನೆ ಫ್ರೀಜರ್ ತೆಗೆದು ನೋಡಿದರೆ ದುಂಡಗಿನ ಅಕ್ಷರದಲ್ಲಿ ‘ಕೋಳಿ’, ಪಕ್ಕದಲ್ಲಿ ‘ಇನ್ನೊಂದು ಕೋಳಿ’, ತೀರಾ ಹಿಂದೆ ಮಂಜು ಹಿಡಿದ ಡಬ್ಬಿಯ ಮೇಲೆ ‘ನಿನ್ನೆ ಮಾಡಿದ್ದು’.

‘ಏನ್ರೀ ಇದು, ತಾರೀಕು ಎಲ್ಲಿ?’ ಎಂದೆ.

‘ಯಾವತ್ತು ಮಾಡಿದ್ದು ಅಂತ ಬರ್ದಿದ್ದೀನಲ್ಲೇ’ ಎಂದರು.

ಮಗಳು ಡಬ್ಬಿ ಇಸಿದುಕೊಂಡು, ಮಂಜನ್ನು ಉಗುರಿನಿಂದ ಕೆರೆದು, ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ‘ಅಪ್ಪಾ, ಇದು ಈ ವರ್ಷದ ನಿನ್ನೆನಾ?’