ಸಿದ್ದಿಗಳು ಆಫ್ರಿಕಾ ಮೂಲವನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಕೇ?

ಪರ: ಖಂಡಿತ ಹೇಳಿಕೊಳ್ಳಬೇಕು

ಪರವಾಗಿ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ನಾನು ಸಿದ್ದಿಯಲ್ಲ, ಕಾಲೇಜಿನಲ್ಲಿ ಇತಿಹಾಸ ಹೇಳುವವನು.

ಪೋರ್ಚುಗೀಸರು ಗೋವಾಕ್ಕೆ ತಂದ ಗುಲಾಮರು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು ಅಂತ ಸಿದ್ದಿಗಳ ಕತೆಯನ್ನು ಒಂದೇ ಸಾಲಿನಲ್ಲಿ ಮುಗಿಸುತ್ತೇವೆ. ಮಲಿಕ್ ಅಂಬರ್‌ನನ್ನು ನೋಡಿ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾದವನು ಅಹ್ಮದ್‌ನಗರದ ರಾಜ್ಯವನ್ನೇ ನಡೆಸಿದ. 1626ರಲ್ಲಿ ಸಾಯುವ ತನಕ ಮೊಗಲರನ್ನು ಕಾಡಿದ. ಬಿಜಾಪುರದ ದರ್ಬಾರಿನಲ್ಲಿ ಆಫ್ರಿಕಾ ಮೂಲದ ಮಂತ್ರಿ ಇಖ್ಲಾಸ್ ಖಾನ್ ಇದ್ದ. ಸಿದ್ದಿಗಳ ಜಂಜೀರಾ ಕೋಟೆ ಶಿವಾಜಿಗೂ ಸಿಗಲಿಲ್ಲ. ಯಲ್ಲಾಪುರ, ಹಳಿಯಾಳದ ಕಡೆ ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳು ಮೂವರೂ ಇದ್ದಾರೆ. ಇವರನ್ನು ಒಟ್ಟಿಗೆ ಹಿಡಿದಿರುವುದು ಆ ಮೂಲವೇ ಅಲ್ವಾ? ಸಿದ್ದಿ ಹೆಂಗಸರ ಕೌದಿಗಳು ಅಮೆರಿಕದ ಮ್ಯೂಸಿಯಂನಲ್ಲೂ ಪ್ರದರ್ಶನವಾಗಿವೆ.

ಮೂಲ ಹೇಳಿಕೊಂಡರೆ ಪರದೇಶಿಗಳಾಗುತ್ತೇವೆ ಅಂತ ಕೆಲವರು ಹೆದರುತ್ತಾರೆ. ಯಾರೂ ಯಾರನ್ನೂ ಹಡಗು ಹತ್ತಿಸಿ ಕಳಿಸುವುದಿಲ್ಲ, ಬಿಡಿ. ಮಲಿಕ್ ಅಂಬರ್ ಹೆಸರು ಕೇಳಿದ ಸಿದ್ದಿ ಹುಡುಗ ಕ್ಲಾಸಿನಲ್ಲಿ ತಲೆಯೆತ್ತಿ ಕೂರುತ್ತಾನೆ. ಅಷ್ಟು ಸಾಕು.

ವಿರೋಧ: ನಮ್ಮನ್ನು ಹಳಿಯಾಳದವರು ಅನ್ನಿ

ಸರ್ ಹೇಳುವ ಮಲಿಕ್ ಅಂಬರ್‌ಗೆ ನಮಸ್ಕಾರ. ನಾನು ಹಳಿಯಾಳ ಕಡೆಯ ಸಿದ್ದಿ ಹುಡುಗಿ. ಅವನ ಹೆಸರು ಕೇಳಿದ್ದೇ ಡಿಗ್ರಿಗೆ ಬಂದ ಮೇಲೆ, ಕೇಳಿದಾಗಲೂ ನೆಂಟ ಅನ್ನಿಸಲಿಲ್ಲ. ನಮ್ಮಜ್ಜಿ ಬೇರೆಯವರ ಗದ್ದೆ, ತೋಟದಲ್ಲಿ ದುಡಿದು ಸವೆದವಳು. ಅವಳಿಗೆ ಬೇಕಿದ್ದದ್ದು ಜಮೀನಿನ ಪಟ್ಟಾ, ಸುಲ್ತಾನರ ಕತೆಯಲ್ಲ.

ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದಾಗ ಬಾಡಿಗೆ ಮನೆ ಹುಡುಕಿದೆ. ಓನರ್ ಬಾಗಿಲು ತೆರೆದವರೇ ಇಂಗ್ಲಿಷಿನಲ್ಲಿ ಪಾಸ್‌ಪೋರ್ಟ್ ಕೇಳಿದರು. ಕನ್ನಡದಲ್ಲೇ ಉತ್ತರ ಕೊಟ್ಟೆ. ಅವರ ಹೆಂಡತಿ ಒಳಗಿನಿಂದ ಬಂದು, "ಎಷ್ಟ್ ಚೆನ್ನಾಗಿ ಕನ್ನಡ ಕಲ್ತಿದೀಯಮ್ಮ, ಬಂದು ಎಷ್ಟು ವರ್ಷ ಆಯ್ತು?" ಅಂದರು. "ಹುಟ್ಟಿದಾಗಿನಿಂದ ಇಲ್ಲೇ ಇದೀನಿ ಆಂಟಿ, ಧಾರವಾಡದ ಹತ್ತಿರ" ಅಂದೆ. ಆಧಾರ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಕೊನೆಗೆ, ಆಫ್ರಿಕಾದವರಿಗೆ ಮನೆ ಕೊಡಲ್ಲಮ್ಮ, ಅಕ್ಕಪಕ್ಕದವರು ಒಪ್ಪಲ್ಲ ಅಂದರು. ನಿಜವಾದ ನೈಜೀರಿಯಾ ಹುಡುಗಿ ಬಂದಿದ್ದರೂ ಹಾಗನ್ನುವುದು ತಪ್ಪೇ, ಅದು ಬೇರೆ ಮಾತು. ಆದರೆ ಆ ಮೆಟ್ಟಿಲ ಮೇಲೆ ನಿಂತು ನಾನು ಯಾವ ಮೂಲದ ಹೆಮ್ಮೆ ಪಡಬೇಕಿತ್ತು, ಸರ್? ನನ್ನನ್ನು ಯಾರೂ ಹಡಗು ಹತ್ತಿಸಲಿಲ್ಲ, ನಿಜ. ಮನೆಯೂ ಕೊಡಲಿಲ್ಲ.

ಹೊರಗಿನವರ ಹೊಗಳಿಕೆಯೂ ಅಂಥದ್ದೇ. ಆಫ್ರಿಕಾ ರಕ್ತ, ಓಡ್ತಾರೆ ಅಂತ 80ರ ದಶಕದಲ್ಲಿ ನಮ್ಮ ಕಡೆಯ ಮಕ್ಕಳನ್ನು ಆರಿಸಿ ಕ್ರೀಡಾ ತರಬೇತಿಗೆ ಕರೆದುಕೊಂಡು ಹೋದರು. ಆಮೇಲೆ ಯೋಜನೆ ನಿಂತುಹೋಯಿತು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ನಮ್ಮ ಹುಡುಗರು ಕಾಲೇಜು ಮುಟ್ಟಲು, ನೌಕರಿಗೆ ಅರ್ಜಿ ಹಾಕಲು ಜಾಸ್ತಿ ನೆರವಾದದ್ದು ಆ ಒಂದು ಸರ್ಟಿಫಿಕೇಟು.

ನಮ್ಮ ಡಮಾಮಿ ಕುಣಿತ ಶುರುವಾದರೆ ನಾನೂ ಕುಣಿಯುತ್ತೇನೆ, ಸುಳ್ಳು ಹೇಳಲ್ಲ. ಅದು ನಮ್ಮ ಮನೆಯದು. ಸೀರೆ ಉಟ್ಟು ಕುಣಿಯುವವರಿಗೆ ಸೊಂಟಕ್ಕೆ ಸೊಪ್ಪು ಕಟ್ಟಿಸಿ, ಸ್ಟೇಜ್ ಹತ್ತಿಸಿ, ಮೈಕಿನಲ್ಲಿ "ಆಫ್ರಿಕನ್ ಡ್ಯಾನ್ಸ್" ಅಂತ ಕೂಗುತ್ತಾರಲ್ಲ, ನನಗೆ ಬೇಡವಾಗಿರುವುದು ಅದು. ಮಲಿಕ್ ಅಂಬರ್ ಪಾಠವನ್ನು ಸರ್ ಧಾರಾಳವಾಗಿ ಮಾಡಲಿ. ಇಡೀ ಕ್ಲಾಸಿಗೆ ಮಾಡಲಿ, ಸಿದ್ದಿ ಹುಡುಗನ ಮುಖವನ್ನೇ ನೋಡಿಕೊಂಡು ಮಾಡುವುದು ಬೇಡ.