ಸ್ಥಿತಿ: ಉತ್ತಮ

ಎಸ್ಸೆಸ್ಸೆಲ್ಸಿ ಫಲಿತಾಂಶದ ಬೆನ್ನಿಗೇ ಬರುವ ‘ಕನ್ನಡದಲ್ಲೇ ನಪಾಸು’ ಎಂಬ ಸುದ್ದಿಯನ್ನು ತಾವೆಲ್ಲರೂ ಓದಿದ್ದೀರಿ, ಲೋಟದ ಕಾಫಿ ಮುಗಿಯುವವರೆಗೆ ಮರುಗಿಯೂ ಇದ್ದೀರಿ. ನಾನು ಮಾತ್ರ ಮರುಕವನ್ನು ಅಲ್ಲಿಗೇ ಬಿಡದೆ ಒಂದು ಅವಿವೇಕಕ್ಕೆ ಕೈಹಾಕಿದೆ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ ನಾಟಕದ ಇಪ್ಪತ್ತು ಪ್ರತಿಗಳನ್ನು ಕೊಂಡು ತುಮಕೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಹೊತ್ತುಕೊಂಡು ಹೋದೆ.

ಇಪ್ಪತ್ತೇಕೆ, ಒಂದು ಸಾಲದೇ ಎಂದು ಅಲ್ಲಿನವರು ಕೇಳಿದರು. ಕಾದಂಬರಿಯಾದರೆ ಸಾಲುತ್ತಿತ್ತು, ನಾಟಕದಲ್ಲಿ ಒಬ್ಬ ಕೇಳಿದ್ದಕ್ಕೆ ಇನ್ನೊಬ್ಬ ಉತ್ತರ ಕೊಡಬೇಕಾಗುತ್ತದೆ ಎಂದೆ. ಶಾಲೆಯಲ್ಲಿ ಇದು ಹೊಸ ವಿಚಾರವಾಗಿ ಕಂಡಿತು. ಹತ್ತನೆಯ ತರಗತಿಯ ಪಠ್ಯದಲ್ಲಿ ಪುತಿನ ಅವರ ‘ಶಬರಿ’ ನಾಟಕ ಇದೆಯಲ್ಲ ಎಂದರು. ಇದೆ ನಿಜ. ಆದರೆ ಅಲ್ಲಿ ಶಬರಿ ಬಾಯಿ ತೆರೆದ ಕೂಡಲೇ ಮಕ್ಕಳು ಅಡ್ಡಗೆರೆ ಎಳೆದು ‘ಆಯ್ಕೆ, ಸಂದರ್ಭ, ಸ್ವಾರಸ್ಯ’ ಎಂದು ಮೂರು ತಲೆಬರಹ ಬರೆಯುತ್ತಾರೆ, ಮತ್ತು ಸ್ವಾರಸ್ಯದ ಕೆಳಗೆ ‘ಇಲ್ಲಿ ಶಬರಿಯ ಭಕ್ತಿ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ’ ಎಂದು ಗೈಡಿನಿಂದ ಇಳಿಸುತ್ತಾರೆ. ಶಬರಿ ಕಾದದ್ದು ರಾಮನಿಗಾಗಿ, ಸಿಕ್ಕಿದ್ದು ಮೌಲ್ಯಮಾಪಕ.

ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿದ್ದ ಹಸಿರು ಬಣ್ಣದ ಬೀರುವನ್ನು ನನಗೆ ತೋರಿಸಿದರು. ಅದೇ ಗ್ರಂಥಾಲಯ. ಒಳಗೆ ಕುವೆಂಪು ಅವರ ‘ಜಲಗಾರ’ವಿತ್ತು, ಬಿಎಂಶ್ರೀ ಅವರ ‘ಅಶ್ವತ್ಥಾಮನ್’ ಇತ್ತು, ಅವುಗಳ ಹಾಳೆಗಳು ಕತ್ತರಿಸದೆ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ದಾಸ್ತಾನು ವಹಿಯಲ್ಲಿ ಪ್ರತಿಯೊಂದರ ಎದುರಿಗೂ ‘ಸ್ಥಿತಿ: ಉತ್ತಮ’ ಎಂದು ವರ್ಷವರ್ಷವೂ ಸಹಿ ಬಿದ್ದಿತ್ತು. ಪುಸ್ತಕ ಕಳೆದರೆ ಅದರ ಬೆಲೆ ಮೇಷ್ಟರ ತಲೆಗೆ ಬರುತ್ತದೆ, ಮಗು ಓದದೆ ಉಳಿದರೆ ಯಾರ ತಲೆಗೂ ಬರುವುದಿಲ್ಲ. ಇಂಥ ಲೆಕ್ಕದಲ್ಲಿ ಬೀಗ ಹಾಕುವವನೇ ಬುದ್ಧಿವಂತ; ಅವರನ್ನು ದೂರಲು ನನಗೆ ಮನಸ್ಸು ಬರಲಿಲ್ಲ. ಗೆದ್ದಲು ಮತ್ತು ವಿದ್ಯಾರ್ಥಿ ಎಂಬ ಎರಡು ಶತ್ರುಗಳಿಂದಲೂ ಕನ್ನಡ ನಾಟಕ ಪರಂಪರೆಯನ್ನು ಏಕಕಾಲಕ್ಕೆ ಕಾಪಾಡಿದ ಕೀರ್ತಿ ಆ ಬೀರುವಿಗೆ ಸಲ್ಲಬೇಕು.

ನನ್ನ ಇಪ್ಪತ್ತು ಪ್ರತಿಗಳು ಅನುಮೋದಿತ ಪಟ್ಟಿಯಲ್ಲಿವೆಯೇ ಎಂಬ ಪ್ರಶ್ನೆಯೊಂದಿಗೆ ಕಡತ ಮೇಲಕ್ಕೆ ಹೋಯಿತು. ಅಲ್ಲಿನ ಅಧಿಕಾರಿಗಳು ನಾಲ್ಕು ಪುಟ ತಿರುವಿ, ಇದರಲ್ಲಿ ಇಂಗ್ಲಿಷ್ ಬೆರೆತಿದೆ, ಮಕ್ಕಳ ಕನ್ನಡ ಕೆಡುವುದಿಲ್ಲವೇ ಎಂದು ಕಳವಳಪಟ್ಟರು. ಕೈಲಾಸಂ ತೀರಿಕೊಂಡದ್ದು 1946ರಲ್ಲಿ; ಅರವತ್ತು ವರ್ಷ ಕಳೆದು 2007ರಿಂದ ಅವರ ನಾಟಕಗಳ ಮೇಲೆ ಯಾರ ಹಕ್ಕುಸ್ವಾಮ್ಯವೂ ಇಲ್ಲ. ಸರ್ಕಾರ ಮನಸ್ಸು ಮಾಡಿದರೆ ಯಾರನ್ನೂ ಕೇಳದೆ, ಯಾರಿಗೂ ಗೌರವಧನ ಕೊಡದೆ ಅಚ್ಚುಹಾಕಿ ಪ್ರತಿ ಮಗುವಿನ ಚೀಲಕ್ಕೂ ಹಾಕಬಹುದು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಟ್ಟಿ, ಮಕ್ಕಳು ಬರೆಯುವುದನ್ನು ವೆಬ್‌ಕಾಸ್ಟಿಂಗ್ ಮಾಡಿ ಕುಳಿತು ನೋಡಲು ಹಣವಿತ್ತು. ಮಕ್ಕಳು ಕದಿಯದಂತೆ ನೋಡಿಕೊಳ್ಳಲು ಇಷ್ಟು ಶ್ರಮ, ಅವರಿಗೆ ಕೊಡಲು ಏನೂ ಇಲ್ಲ. ಇದನ್ನು ತಮಾಷೆ ಮಾಡಿ ಮಾಡಿ ನನಗೂ ಸಾಕಾಗಿದೆ.

ಹಾಗೆಂದು ನಮ್ಮ ನಾಡಿಗೆ ನಾಟಕ ಸಾಹಿತ್ಯದ ಪರಿಚಯವೇ ಇಲ್ಲವೆನ್ನುವಂತಿಲ್ಲ. ವಿರೋಧ ಪಕ್ಷದಲ್ಲಿರುವವರು ಆಳುವವರನ್ನು ‘ತುಘಲಕ್ ದರ್ಬಾರು’ ಎಂದು ಕರೆಯದ ಅಧಿವೇಶನವುಂಟೇ? ಪಕ್ಷ ಬದಲಾದರೂ ಬೈಗುಳ ಬದಲಾಗುವುದಿಲ್ಲ. ಕಾರ್ನಾಡರು 1964ರಲ್ಲಿ ‘ತುಘಲಕ್’ ನಾಟಕದಲ್ಲಿ ಕೊಟ್ಟ ಸುಲ್ತಾನನಾದರೋ ಕನಸು ಕಾಣುವವನು, ನಿದ್ದೆಗೆಟ್ಟವನು, ಚದುರಂಗದ ಸಮಸ್ಯೆಗಳನ್ನು ಬಿಡಿಸುವವನು. ಹಾಗೆ ಕರೆಸಿಕೊಂಡವರು ನಾಟಕವನ್ನು ಓದಿದ್ದರೆ ಸಿಟ್ಟಾಗುವ ಬದಲು ನಾಚಿಕೊಂಡು ನಮಸ್ಕರಿಸುತ್ತಿದ್ದರು.

ಆ ಶಾಲೆಯಲ್ಲಿ ‘ಕನ್ನಡದಲ್ಲಿ ಹಿಂದುಳಿದವರು’ ಎಂಬ ಪಟ್ಟಿಗೆ ಸೇರಿ, ಪಾಸಿಂಗ್ ಪ್ಯಾಕೇಜಿನ ಮಾದರಿ ಉತ್ತರಗಳನ್ನು ನಕಲು ಮಾಡುತ್ತಿದ್ದ ಹುಡುಗನೊಬ್ಬನನ್ನು ಮಾತಿಗೆಳೆದೆ. ಅವನ ತಂದೆ ಊರ ಜಾತ್ರೆಯ ‘ಕುರುಕ್ಷೇತ್ರ’ದಲ್ಲಿ, ರಾಗಿ ಮಾರಿದ ದುಡ್ಡು ಕಟ್ಟಿ, ದುರ್ಯೋಧನನ ಪಾತ್ರ ಹಿಡಿದವರು. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ತಾಲೀಮು ಮಾಡಿಸುವಾಗ ಮೂಲೆಯಲ್ಲಿ ಕುಳಿತು ಕೇಳಿದ ಹುಡುಗನಿಗೆ ಅಪ್ಪನ ಕಂದಪದ್ಯಗಳಷ್ಟೇ ಅಲ್ಲ, ಶಕುನಿಯ ಮಾತುಗಳೂ ಬಾಯಿಪಾಠವಾಗಿದ್ದವು. ಗದೆಯಿಲ್ಲದ ಕೈಯನ್ನು ಹೆಗಲ ಮೇಲಿಟ್ಟು ಒಂದು ಪದ್ಯ ಹೇಳಿದ. ಅವನಿಗೆ ಶಾಲೆ ನಿಗದಿಪಡಿಸಿರುವ ಗುರಿ ಬರೀ ಪಾಸಾಗುವಷ್ಟು ಅಂಕ.

ಅವನು ‘ಟೊಳ್ಳುಗಟ್ಟಿ’ಯ ಒಂದು ಪ್ರತಿಯನ್ನೆತ್ತಿಕೊಂಡು, “ಇದರಲ್ಲಿ ಕಂದ ಐತಾ ಸಾ?” ಎಂದ. ಕಂದವಿಲ್ಲ, ಬರೀ ಮಾತು ಎಂದೆ. ಯೋಚಿಸಿ, ಅಂಗಿಯೊಳಗೆ ಸೇರಿಸಿಕೊಂಡು ಹೊರಟೇಹೋದ.

ಮೂರು ದಿನಗಳ ಬಳಿಕ ಶಾಲೆಯಿಂದ ಫೋನು ಬಂದಿತು. ಪತ್ರದಲ್ಲಿ ಇಪ್ಪತ್ತು ಎಂದಿದೆ, ಎಣಿಸಿದರೆ ಹತ್ತೊಂಬತ್ತೇ ಇವೆ, ಆಕ್ಷೇಪಣೆ ಬರುತ್ತದೆ, ದಯವಿಟ್ಟು ಏನಾದರೂ ಮಾಡಿ ಎಂದರು. ಇನ್ನೊಂದು ಪ್ರತಿಯನ್ನು ಕೊಂಡು ಅಂಚೆಗೆ ಹಾಕಿದ್ದೇನೆ.